ಅರ್ಧ ನದಿಯ ಪುರಸಭೆ

ಸಿಯಾಲ್ದಾ ನಿಲ್ದಾಣದಲ್ಲಿ ಲೋಕಲ್ ರೈಲುಗಳ ಬೋರ್ಡು ಓದುವುದೆಂದರೆ ಒಂದು ಗಡಿಯ ನಕ್ಷೆಯನ್ನೇ ಓದಿದಂತೆ. ಗೇದೆ, ಬನ್‌ಗಾಂವ್, ಲಾಲ್‌ಗೋಲಾ, ಹಾಸ್ನಾಬಾದ್. ನಾಲ್ಕೂ ಕಡೆ ಹಳಿ ಮುಗಿದ ಸ್ವಲ್ಪ ದೂರಕ್ಕೆ ದೇಶವೂ ಮುಗಿಯುತ್ತದೆ. ಕೋಲ್ಕತ್ತಾದಲ್ಲಿ ಕೆಲಸಕ್ಕಿರುವ ನಮ್ಮ ಕನ್ನಡಿಗರು ಈ ನಿಲ್ದಾಣವನ್ನು ಡಾರ್ಜಿಲಿಂಗ್‌ಗೆ ಹೋಗುವ ರಾತ್ರಿ ರೈಲಿನ ಜಾಗ ಎಂದಷ್ಟೇ ನೆನಪಿಟ್ಟುಕೊಂಡಿರುತ್ತಾರೆ. ಆದರೆ ಸಿಯಾಲ್ದಾ ಹುಟ್ಟಿದ್ದು ಪೂರ್ವ ಬಂಗಾಳಕ್ಕಾಗಿ. ಈಸ್ಟರ್ನ್ ಬೆಂಗಾಲ್ ರೈಲ್ವೆ 1862ರಲ್ಲಿ ಇಲ್ಲಿಂದ ಕುಷ್ಟಿಯಾದವರೆಗೆ ಹಳಿ ಹಾಕಿತು, 1869ರಲ್ಲಿ ದೊಡ್ಡ ನಿಲ್ದಾಣದ ಕಟ್ಟಡ ಎದ್ದಿತು. ದೇಶ ಒಡೆದ ಮೇಲೂ, 1965ರ ಯುದ್ಧದ ತನಕ, ಖುಲ್ನಾ ಕಡೆಗೆ ಬರಿಸಾಲ್ ಎಕ್ಸ್‌ಪ್ರೆಸ್ ಇಲ್ಲಿಂದಲೇ ಹೊರಡುತ್ತಿತ್ತು. ಅತ್ತ ಹೋಗಬೇಕಾದ ರೈಲುಗಳೆಲ್ಲ ಈಗ ಗಡಿಯಂಚಿನಲ್ಲಿ ನಿಂತು ಮರಳಿ ಬರುತ್ತವೆ.

ಆ ನಾಲ್ಕರಲ್ಲಿ ಹಾಸ್ನಾಬಾದ್ ಲೈನಿನ ಕೊನೆಯಿಂದ ಒಂದು ನಿಲ್ದಾಣ ಹಿಂದಿರುವ ಊರಿನ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು. ನಿಲ್ದಾಣದ ಹೆಸರು ಟಾಕಿ ರೋಡ್, ಊರು ಟಾಕಿ. ಉತ್ತರ ಇಪ್ಪತ್ನಾಲ್ಕು ಪರಗಣ ಜಿಲ್ಲೆ, ಬಸಿರ್‌ಹಾಟ್ ಉಪವಿಭಾಗ. ಎರಡು ಗಂಟೆಯ ಪ್ರಯಾಣ. 2011ರ ಜನಗಣತಿಯಲ್ಲಿ 38 ಸಾವಿರ ಚಿಲ್ಲರೆ ಜನ. ನಮ್ಮ ಲೆಕ್ಕದಲ್ಲಿ ಒಂದು ಪುರಸಭೆಗೆ ಸರಿಯಾಗಿ ಹೊಂದುವ ಗಾತ್ರ. ಭಾನುವಾರ ಕೋಲ್ಕತ್ತಾದವರು ಪಿಕ್ನಿಕ್ಕಿಗೆ ಬಂದು, ಇಛಾಮತಿ ನದಿಯಲ್ಲಿ ದೋಣಿ ಹತ್ತಿ, ‘ಅಗೋ ಬಾಂಗ್ಲಾದೇಶ’ ಎಂದು ಕೈ ತೋರಿಸಿ, ಸಂಜೆಯ ರೈಲಿಗೆ ವಾಪಸಾಗುತ್ತಾರೆ. ನದಿಯ ನಡುವೆ ಬೇಲಿಯಿಲ್ಲ. ಆಚೆ ದಡದ ಮರ, ಮನೆ, ಓಡಾಡುವ ಜನ ಬರಿಗಣ್ಣಿಗೆ ಕಾಣುತ್ತಾರೆ. ಅದು ಬಾಂಗ್ಲಾದೇಶದ ಸಾತ್ಖೀರಾ ಜಿಲ್ಲೆಯ ದೇಬ್‌ಹಾಟಾ.

ನದಿ ಇದ್ದಲ್ಲಿ ಗಡಿ ಇರುವುದು ಸಹಜ ಎಂದು ನೋಡಿದವರಿಗೆ ಅನ್ನಿಸುತ್ತದೆ. ದೇವರೇ ಎಳೆದ ಗೆರೆಯಂತಿದೆಯಲ್ಲ! ಆದರೆ ಈ ಗೆರೆಯನ್ನು ಎಳೆದವರು ಕಂದಾಯ ಮತ್ತು ಕೋರ್ಟು ಕಚೇರಿಯ ಸಾಹೇಬರು. ಎಳೆದದ್ದು 1882ರಲ್ಲಿ, ಆಡಳಿತದ ಅನುಕೂಲಕ್ಕೆ. ಅದಕ್ಕೂ ಹದಿಮೂರು ವರ್ಷ ಮೊದಲೇ ಟಾಕಿಯಲ್ಲಿ ಪುರಸಭೆ ಇತ್ತು. ಅಂದರೆ ಇಲ್ಲಿ ಊರಿನ ಆಡಳಿತಕ್ಕೆ ವಯಸ್ಸು ಹೆಚ್ಚು, ಗಡಿಗೆ ಕಡಿಮೆ.

ಮೊದಲು ನದಿಯ ವಿಷಯ. ಇಛಾಮತಿ ಹಿಮಾಲಯದಿಂದ ಇಳಿದು ಬರುವ ನದಿಯಲ್ಲ. ಪದ್ಮಾ ನದಿಯಿಂದ ಕವಲೊಡೆದ ಮಾಥಾಭಾಂಗಾ, ನಾದಿಯಾ ಜಿಲ್ಲೆಯ ಮಾಜ್‌ದಿಯಾ ಬಳಿ ಮತ್ತೆ ಎರಡಾಗುತ್ತದೆ. ಒಂದು ಚೂರ್ಣಿ, ಇನ್ನೊಂದು ಇಛಾಮತಿ. ಇದು ಭಾರತದಲ್ಲಿ ಹುಟ್ಟಿ, ಬಾಂಗ್ಲಾದೇಶಕ್ಕೆ ಹೊಕ್ಕು, ಮತ್ತೆ ಭಾರತಕ್ಕೆ ಬಂದು, ಬನ್‌ಗಾಂವ್ ದಾಟಿ, ಬಸಿರ್‌ಹಾಟ್, ಟಾಕಿ, ಹಾಸ್ನಾಬಾದ್ ಮೂಲಕ ಸುಂದರಬನದ ಕಡೆ ಇಳಿಯುತ್ತದೆ. ಮೇಲ್ಭಾಗದಲ್ಲಿ ಮೂತಿಗೆ ಹೂಳು ತುಂಬಿ ಬೇಸಿಗೆಯಲ್ಲಿ ನೀರೇ ಇರುವುದಿಲ್ಲ, ಪಾಚಿ ಮತ್ತು ಅಂತರಗಂಗೆ ಮಾತ್ರ. ಟಾಕಿಯಲ್ಲಿ ಅದೇ ನದಿ ತುಂಬಿ ಹರಿಯುತ್ತದೆ. ಅದು ಮೇಲಿನಿಂದ ಬಂದ ನೀರಲ್ಲ. ಬಂಗಾಳ ಕೊಲ್ಲಿಯಿಂದ ದಿನಕ್ಕೆರಡು ಸಲ ಏರಿ ಬರುವ ಉಬ್ಬರದ ನೀರು. ನಮ್ಮ ಕುಂದಾಪುರ, ಹೊನ್ನಾವರದವರಿಗೆ ಇದನ್ನು ವಿವರಿಸಬೇಕಿಲ್ಲ. ಹಳೆಯ ಗೆಜೆಟಿಯರ್‌ಗಳಲ್ಲಿ ಈ ಕೆಳಭಾಗದ ಹೊಳೆಗೆ ಜಮುನಾ ಎಂಬ ಹೆಸರೂ ಇದೆ, ದೆಹಲಿಯ ಯಮುನೆಗೂ ಇದಕ್ಕೂ ಸಂಬಂಧವಿಲ್ಲ. ಊರಿನ ಎದುರಿಗೆ ನದಿಯಲ್ಲೊಂದು ಪುಟ್ಟ ದ್ವೀಪ, ಮಾಛ್‌ರಾಂಗಾ. ಬಂಗಾಳಿಯಲ್ಲಿ ಹಾಗೆಂದರೆ ಮಿಂಚುಳ್ಳಿ. ದಡದಲ್ಲಿ ಗೋಲ್‌ಪಾತಾ ಗಿಡಗಳ ಕಾಡು. ಅದರ ಗರಿಯನ್ನು ಇಲ್ಲಿ ಮನೆಯ ಮಾಡಿಗೆ ಹೊದಿಸುತ್ತಿದ್ದರು, ನಮ್ಮಲ್ಲಿ ತೆಂಗಿನ ಮಡಲು ಹೊದಿಸುವಂತೆ.

ಇನ್ನು ಆಡಳಿತ. ಕರ್ನಾಟಕದಿಂದ ಬಂದವರಿಗೆ ಬಂಗಾಳದಲ್ಲಿ ಮೊದಲು ಗೊಂದಲವಾಗುವುದು ತಾಲ್ಲೂಕು ಇಲ್ಲದಿರುವುದು. ತಹಶೀಲ್ದಾರರಿಲ್ಲ, ತಾಲ್ಲೂಕು ಕಚೇರಿಯಿಲ್ಲ, ನಮ್ಮ ಕಥೆ ಕಾದಂಬರಿಗಳಲ್ಲಿ ಇಡೀ ಹಳ್ಳಿಯನ್ನು ಆಡಿಸುವ ಶಾನುಭೋಗರೂ ಇಲ್ಲ. ಜಿಲ್ಲೆಯ ಕೆಳಗೆ ಮಹಕುಮಾ, ಅಂದರೆ ಉಪವಿಭಾಗ. ಅದರ ಕೆಳಗೆ ಬ್ಲಾಕು ಮತ್ತು ಠಾಣೆ. ಕಾರಣ 1793ರ ಕಾಯಂ ಜಮಾಬಂದಿ. ಕಂದಾಯ ವಸೂಲಿಯನ್ನು ಜಮೀನ್ದಾರರಿಗೆ ಶಾಶ್ವತವಾಗಿ ಬರೆದುಕೊಟ್ಟ ಮೇಲೆ ಹಳ್ಳಿ ಹಳ್ಳಿಗೆ ಸರ್ಕಾರದ ಕಂದಾಯ ನೌಕರರು ಬೇಕಾಗಲಿಲ್ಲ. ಮದ್ರಾಸ್ ಕಡೆಯ ರೈತವಾರಿಯಲ್ಲಿ ಸರ್ಕಾರ ರೈತನ ಅಂಗಳದವರೆಗೂ ಬರುತ್ತಿತ್ತು, ಬಂಗಾಳದಲ್ಲಿ ಜಮೀನ್ದಾರನ ಹೆಬ್ಬಾಗಿಲಿನಲ್ಲೇ ನಿಂತಿತು. ಸರ್ಕಾರ ಎಂದರೆ ಪೊಲೀಸ್ ಠಾಣೆ ಮತ್ತು ಕೋರ್ಟು, ಅಷ್ಟೇ. ಇಂದಿಗೂ ಬಂಗಾಳದ ಹಳಬರು ಊರಿನ ವಿಳಾಸ ಹೇಳುವಾಗ ಠಾಣೆಯ ಹೆಸರು ಸೇರಿಸುವುದು ಇದರಿಂದಲೇ ಬಂದದ್ದು.

ಟಾಕಿಯಲ್ಲಿ ಆ ಹೆಬ್ಬಾಗಿಲು ರಾಯ್‌ಚೌಧುರಿ ಮನೆತನದ್ದು. ಹಲವು ಕವಲುಗಳಾಗಿ ಒಡೆದ ದೊಡ್ಡ ಮನೆತನ. ಅವರಲ್ಲಿ ಕಾಲಿನಾಥ ರಾಯ್‌ಚೌಧುರಿ ರಾಜಾರಾಮ್ ಮೋಹನ್ ರಾಯರ ಒಡನಾಡಿ. 1832ರಲ್ಲಿ, ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಡಫ್‌ನನ್ನು ಕರೆಸಿಕೊಂಡು ಟಾಕಿಯಲ್ಲಿ ಇಂಗ್ಲಿಷ್ ಶಾಲೆ ಶುರುಮಾಡಿಸಿದರು. ಅದರ ಹಿಂದಿನ ವರ್ಷವಷ್ಟೇ, ಇಲ್ಲಿಂದ ದೂರವಿಲ್ಲದ ನಾರ್ಕೆಲ್‌ಬೇಡಿಯಾದಲ್ಲಿ, ಜಮೀನ್ದಾರರ ಮತ್ತು ನೀಲಿ ತೋಟದವರ ವಿರುದ್ಧ ತಿತುಮೀರ್ ಬಿದಿರಿನ ಕೋಟೆ ಕಟ್ಟಿ, ಕಂಪನಿಯ ತೋಪುಗಳ ಎದುರು ಸತ್ತಿದ್ದ. ಜಮೀನ್ದಾರಿಯ ಈ ಎರಡು ಮುಖಗಳನ್ನು ಒಟ್ಟಿಗೆ ನೋಡದೆ ಈ ಸೀಮೆ ಅರ್ಥವಾಗುವುದಿಲ್ಲ. ಇತ್ತೀಚಿನವರಿಗೆ ಗೊತ್ತಿರುವ ಹೆಸರೆಂದರೆ 1994ರಿಂದ 1997ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಶಂಕರ್ ರಾಯ್‌ಚೌಧುರಿ; ಅವರ ಮನೆತನದ ಮೂಲವೂ ಟಾಕಿಯೇ.

ಪುರಸಭೆ ಬಂದದ್ದು 1869ರಲ್ಲಿ, ಸಿಯಾಲ್ದಾ ಕಟ್ಟಡ ಎದ್ದ ವರ್ಷವೇ. ಪಕ್ಕದ ಬಸಿರ್‌ಹಾಟ್ ಮತ್ತು ಬಾದುರಿಯಾ ಪುರಸಭೆಗಳೂ ಅದೇ ವರ್ಷದವು. ಆಗಿನ ಪುರಸಭೆ ಎಂದರೆ ಇಂದಿನ ಕಲ್ಪನೆ ಬೇಡ. ಚುನಾವಣೆ ಇರಲಿಲ್ಲ. ಸರ್ಕಾರ ನೇಮಿಸಿದ ಸದಸ್ಯರು, ಅವರ ಮೇಲೆ ಮ್ಯಾಜಿಸ್ಟ್ರೇಟರ ಕಣ್ಣು. ಮನೆಗಳ ಮೇಲೆ ತೆರಿಗೆ ಹಾಕಿ, ಬಂದ ಹಣದಲ್ಲಿ ಮೊದಲು ಪೊಲೀಸರಿಗೆ ಸಂಬಳ ಕೊಡಬೇಕು, ಉಳಿದದ್ದರಲ್ಲಿ ರಸ್ತೆ, ಚರಂಡಿ. ಅಂದರೆ ಊರಿನವರೇ ದುಡ್ಡು ಕೊಟ್ಟು ತಮ್ಮ ಮೇಲೆ ಕಾವಲು ಇಟ್ಟುಕೊಳ್ಳುವ ಏರ್ಪಾಡು. ಇದು ಬದಲಾದದ್ದು ಲಾರ್ಡ್ ರಿಪ್ಪನ್ 1882ರ ಮೇ ತಿಂಗಳಲ್ಲಿ ಹೊರಡಿಸಿದ ಸ್ಥಳೀಯ ಆಡಳಿತದ ನಿರ್ಣಯದಿಂದ. ಪೊಲೀಸ್ ಖರ್ಚಿನ ಹೊರೆ ಪುರಸಭೆಗಳ ತಲೆಯಿಂದ ಇಳಿಯಿತು. 1884ರ ಬಂಗಾಳ ಪುರಸಭಾ ಕಾಯ್ದೆ ಸಾಮಾನ್ಯವಾಗಿ ಮೂರನೇ ಎರಡು ಭಾಗ ಸದಸ್ಯರನ್ನು ತೆರಿಗೆ ಕಟ್ಟುವವರೇ ಆರಿಸುವ ದಾರಿ ತೆರೆಯಿತು. ತೆರಿಗೆ ಕಟ್ಟುವಷ್ಟು ಆಸ್ತಿ ಇದ್ದವರು ಯಾರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಪುರಸಭೆ ಹುಟ್ಟಿದಾಗ ನದಿಯ ಎರಡೂ ದಡ ಒಂದೇ ಜಿಲ್ಲೆ. ಟಾಕಿ ಇದ್ದ ಬಸಿರ್‌ಹಾಟ್ ಉಪವಿಭಾಗ ಇಪ್ಪತ್ನಾಲ್ಕು ಪರಗಣದ್ದು, ಎದುರಿನ ದೇಬ್‌ಹಾಟಾ ಇದ್ದ ಸಾತ್ಖೀರಾ ಉಪವಿಭಾಗವೂ ಇಪ್ಪತ್ನಾಲ್ಕು ಪರಗಣದ್ದು. ಪಲಾಶಿ ಕದನ ನಡೆದ 1757ರಲ್ಲೇ ಮೀರ್ ಜಾಫರ್ ಕಂಪನಿಗೆ ಬರೆದುಕೊಟ್ಟ ಪರಗಣಗಳಿಂದ ಬಂದ ಹೆಸರು ಅದು. ಈಚೆಯ ದೊಡ್ಡಮನೆಯವರಿಗೆ ಆಚೆ ಜಮೀನು, ಆಚೆಯವರಿಗೆ ಈಚೆ ಶಾಲೆ. ನದಿ ದಾಟುವುದೆಂದರೆ ಕಡವು ದಾಟುವುದು, ಅಷ್ಟೇ.

ಆಮೇಲೆ 1882 ಬಂತು. ಜಸೋರ್ ಜಿಲ್ಲೆ ಆಡಳಿತ ಮಾಡಲಾಗದಷ್ಟು ದೊಡ್ಡದು ಎಂದು ಅದರ ಖುಲ್ನಾ ಮತ್ತು ಬಾಗೇರ್‌ಹಾಟ್ ಉಪವಿಭಾಗಗಳನ್ನು ತೆಗೆದು ಹೊಸ ಖುಲ್ನಾ ಜಿಲ್ಲೆ ಮಾಡಿದರು. ಎರಡೇ ಉಪವಿಭಾಗದಿಂದ ಜಿಲ್ಲೆ ತುಂಬದು. ಹಾಗಾಗಿ ಇಪ್ಪತ್ನಾಲ್ಕು ಪರಗಣದಿಂದ ಸಾತ್ಖೀರಾವನ್ನು ಕಿತ್ತು ಖುಲ್ನಾಕ್ಕೆ ಸೇರಿಸಿದರು. ಜಸೋರಿಗೆ ಆದ ನಷ್ಟ ತುಂಬುವಂತೆ ಅದೇ ಸುಮಾರಿಗೆ ನಾದಿಯಾ ಜಿಲ್ಲೆಯಿಂದ ಬನ್‌ಗಾಂವನ್ನು ತೆಗೆದು ಜಸೋರಿಗೆ ಕೊಟ್ಟರು. ಮನೆ ಪಾಲಾಗುವಾಗ ಒಬ್ಬರಿಗೆ ಹಂಡೆ, ಒಬ್ಬರಿಗೆ ಕೊಪ್ಪರಿಗೆ ಎಂದು ಸರಿದೂಗಿಸಿದ ಹಾಗೆ. ಟಾಕಿಯವರಿಗೆ ಇದರಿಂದ ಆದದ್ದು ಇಷ್ಟೇ: ನದಿಯ ಆಚೆಯ ಜಮೀನಿನ ವ್ಯಾಜ್ಯಕ್ಕೆ ಇನ್ನು ಬೇರೆ ಜಿಲ್ಲೆಯ ಕೋರ್ಟಿಗೆ ಹೋಗಬೇಕು. ವಕೀಲರು ಬದಲಾದರು, ದೋಣಿ ಬದಲಾಗಲಿಲ್ಲ. 1905ರಲ್ಲಿ ಮಾರ್ಟಿನ್ ಕಂಪನಿ ಬಾರಾಸಾತ್‌ನಿಂದ ಬಸಿರ್‌ಹಾಟ್‌ಗೆ ಪುಟ್ಟ ನ್ಯಾರೋಗೇಜ್ ರೈಲು ಹಾಕಿ, ಮುಂದೆ ಅದನ್ನು ಹಾಸ್ನಾಬಾದ್‌ವರೆಗೆ ಎಳೆಯಿತು. ಆಚೆ ದಡದವರೂ ದೋಣಿಯಲ್ಲಿ ಬಂದು ಕಲ್ಕತ್ತೆಗೆ ಆ ರೈಲು ಹಿಡಿಯುತ್ತಿದ್ದರು. 1955ರಲ್ಲಿ ಆ ರೈಲು ನಿಂತು, ಕೆಲ ವರ್ಷದ ನಂತರ ಈಗಿನ ದೊಡ್ಡ ಹಳಿ ಬಂತು.

ಇನ್ನು 1947. ಸಿರಿಲ್ ರ‍್ಯಾಡ್‌ಕ್ಲಿಫ್ ಭಾರತಕ್ಕೆ ಬಂದದ್ದು ಜುಲೈ 8ಕ್ಕೆ. ಪಂಜಾಬ್, ಬಂಗಾಳ ಎರಡನ್ನೂ ಐದು ವಾರದಲ್ಲಿ ಒಡೆಯಬೇಕಿತ್ತು. ಬಂಗಾಳದ ಆಯೋಗದಲ್ಲಿ ನಾಲ್ವರು ನ್ಯಾಯಾಧೀಶರು: ಬಿಜನ್ ಕುಮಾರ್ ಮುಖರ್ಜಿ, ಚಾರು ಚಂದ್ರ ಬಿಸ್ವಾಸ್, ಅಬು ಸಾಲೇಹ್ ಮೊಹಮದ್ ಅಕ್ರಮ್, ಎಸ್.ಎ. ರೆಹಮಾನ್. ಇಬ್ಬರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಕೊನೆಗೆ ತೀರ್ಪು ಅಧ್ಯಕ್ಷನೊಬ್ಬನದೇ. ತೀರ್ಪು ಬರುವವರೆಗೆ ಕೆಲಸ ಸಾಗಲೆಂದು ಸ್ವಾತಂತ್ರ್ಯ ಕಾಯ್ದೆಯ ಪರಿಶಿಷ್ಟದಲ್ಲೇ ಒಂದು ತಾತ್ಕಾಲಿಕ ಹಂಚಿಕೆ ಇತ್ತು. ಜಿಲ್ಲೆಯೇ ಅದರ ಅಳತೆಗೋಲು. ಖುಲ್ನಾದಲ್ಲಿ ಹಿಂದೂಗಳ ಸಂಖ್ಯೆ ಕೂದಲೆಳೆಯಷ್ಟು ಹೆಚ್ಚಿದ್ದುದರಿಂದ ಅದು ಪಶ್ಚಿಮ ಬಂಗಾಳದ ಪಟ್ಟಿಯಲ್ಲಿತ್ತು. ನಾದಿಯಾ, ಜಸೋರ್, ಮುರ್ಶಿದಾಬಾದ್ ಪೂರ್ವದ ಪಟ್ಟಿಯಲ್ಲಿದ್ದವು.

ಇದರ ಫಲ ವಿಚಿತ್ರವಾಗಿತ್ತು. ಆಗಸ್ಟ್ 15ರಂದು ಇಛಾಮತಿಯ ಮೇಲ್ಭಾಗದ ಬನ್‌ಗಾಂವ್, ಜಸೋರ್ ಜಿಲ್ಲೆಯದ್ದಾದ್ದರಿಂದ, ಪಾಕಿಸ್ತಾನ. ಅದೇ ನದಿಯ ಕೆಳಭಾಗದಲ್ಲಿ ಟಾಕಿಯೂ ಭಾರತ, ಎದುರಿನ ದೇಬ್‌ಹಾಟಾವೂ ಭಾರತ. ಖುಲ್ನಾ ಪಟ್ಟಣದಲ್ಲಿ ತ್ರಿವರ್ಣ ಧ್ವಜ ಹಾರಿತು. ಆಗಸ್ಟ್ 17ಕ್ಕೆ ತೀರ್ಪು ಪ್ರಕಟವಾದಾಗ ಎಲ್ಲವೂ ಅದಲುಬದಲು. ಜಸೋರ್‌ನ ಬನ್‌ಗಾಂವ್ ಮತ್ತು ಗಾಯ್‌ಘಾಟಾ ಠಾಣೆಗಳು ಭಾರತಕ್ಕೆ ಬಂದವು, ಮುರ್ಶಿದಾಬಾದ್ ಬಂತು, ಖುಲ್ನಾ ಹೋಯಿತು. ಬನ್‌ಗಾಂವ್ ಮತ್ತು ನಾದಿಯಾದ ಕೆಲವು ಕಡೆ ಈಗಲೂ ಆಗಸ್ಟ್ 18ಕ್ಕೆ ಧ್ವಜ ಏರಿಸುವ ರೂಢಿ ಇದಕ್ಕೇ. ಟಾಕಿಗೆ ಅಂಥ ಎರಡನೇ ಹಬ್ಬವಿಲ್ಲ. ಅದಕ್ಕೆ ಸ್ವಾತಂತ್ರ್ಯ 15ಕ್ಕೇ ಬಂದಿತ್ತು. ಮೂರನೇ ದಿನ ಬಂದದ್ದು ಗಡಿ.

ಖುಲ್ನಾ ಯಾಕೆ ಹೋಯಿತು? ತನ್ನ ಮುಂದಿರುವ ಮುಖ್ಯ ಪ್ರಶ್ನೆಗಳೆಂದು ರ‍್ಯಾಡ್‌ಕ್ಲಿಫ್ ತೀರ್ಪಿನಲ್ಲಿ ಪಟ್ಟಿ ಮಾಡಿದ್ದಾನೆ. ಅವುಗಳಲ್ಲೊಂದು, ಜಸೋರ್ ಒಂದು ದೇಶದಲ್ಲಿ, ಖುಲ್ನಾ ಇನ್ನೊಂದರಲ್ಲಿ ಇದ್ದರೆ ಉಪಯೋಗವುಂಟೇ ಎಂಬುದು. ಕಲ್ಕತ್ತೆಯ ಬಂದರಿಗೆ ನೀರು ತರುವ ಭಾಗೀರಥಿಯ ತಲೆ ಮುರ್ಶಿದಾಬಾದಿನಲ್ಲಿತ್ತು, ಅದನ್ನು ಭಾರತಕ್ಕೆ ಬಿಟ್ಟ. ಜಸೋರ್‌ನ ಬಹುಭಾಗ ಪೂರ್ವಕ್ಕೆ ಹೋದ ಮೇಲೆ ಖುಲ್ನಾ ಅದರ ಬೆನ್ನಿಗೇ ಹೋಯಿತು. ತೀರ್ಪಿನ ಕೊನೆಯ ಭಾಗದಲ್ಲಿ ಟಾಕಿಯ ಹೆಸರಿಲ್ಲ, ಇಛಾಮತಿಯ ಹೆಸರೂ ಇಲ್ಲ. ಖುಲ್ನಾ ಮತ್ತು ಇಪ್ಪತ್ನಾಲ್ಕು ಪರಗಣ ಜಿಲ್ಲೆಗಳ ನಡುವಿನ ಗಡಿಯೇ, ಅದು ಬಂಗಾಳ ಕೊಲ್ಲಿ ಮುಟ್ಟುವವರೆಗೆ, ಎರಡು ಬಂಗಾಳಗಳ ಗಡಿ ಎಂದಷ್ಟೇ ಇದೆ. 1882ರಲ್ಲಿ ಸಾತ್ಖೀರಾ ಖುಲ್ನಾಕ್ಕೆ ಹೋಗದೆ ಹಳೆಯ ಜಿಲ್ಲೆಯಲ್ಲೇ ಉಳಿದಿದ್ದರೆ ಇದೇ ವಾಕ್ಯ ಗಡಿಯನ್ನು ಎಷ್ಟೋ ಪೂರ್ವಕ್ಕೆ ಒಯ್ದಿರುತ್ತಿತ್ತು. ಠಾಣೆ ಲೆಕ್ಕದಲ್ಲಿ ಅವನು ಮತ್ತೆ ಕತ್ತರಿಸುತ್ತಿದ್ದನೋ ಏನೋ, ಅದು ಬೇರೆ ಮಾತು. ಆದರೆ 65 ವರ್ಷದ ಹಿಂದೆ ಕಡತದ ಅನುಕೂಲಕ್ಕೆ ಎಳೆದ ಗೆರೆ ದೇಶದ ಗಡಿಯಾಯಿತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಕನ್ನಡಿಗರಿಗೆ ಈ ಕತೆ ಹೊಸದಾಗಿ ಕೇಳಬಾರದು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿಗೆ ಕೊಟ್ಟದ್ದೂ ಕಚೇರಿಯ ಗೆರೆಯೇ. ಕುಮಟೆಯವನೂ ಕುಂದಾಪುರದವನೂ 1956ರ ತನಕ ಬೇರೆ ಬೇರೆ ರಾಜಧಾನಿಗಳಿಗೆ ಅರ್ಜಿ ಬರೆದರು. ಕಾಸರಗೋಡಿನಲ್ಲಿ ಇದು ತಿರುಗುಮುರುಗಾಗಿ ನಡೆಯಿತು. ಅಲ್ಲಿ ಚಂದ್ರಗಿರಿ ಹೊಳೆಯ ಉತ್ತರ ಭಾಗ ನಮಗೆ ಬರಬೇಕೆಂಬುದು ಕನ್ನಡಿಗರ ವಾದ. ರಾಜ್ಯ ಪುನರ್ವಿಂಗಡಣಾ ಆಯೋಗ ತಾಲ್ಲೂಕನ್ನು ಒಡೆಯುವುದು ಬೇಡವೆಂದು ಇಡೀ ಕಾಸರಗೋಡು ತಾಲ್ಲೂಕನ್ನು ಕೇರಳಕ್ಕೆ ಹಾಕಿತು. 1967ರಲ್ಲಿ ಮಹಾಜನ್ ವರದಿ ಹೊಳೆಯನ್ನೇ ಗಡಿ ಮಾಡಿ ಎಂದಿತು, ಅದು ವರದಿಯಾಗಿಯೇ ಉಳಿಯಿತು. ಒಂದು ಕಡೆ ಜಿಲ್ಲೆಯ ಗೆರೆ ನದಿಯ ಮೇಲೆ ಬಿದ್ದಿತ್ತೆಂದು ನದಿ ಗಡಿಯಾಯಿತು. ಇನ್ನೊಂದು ಕಡೆ ತಾಲ್ಲೂಕಿನ ಗೆರೆ ನದಿಯ ಮೇಲೆ ಇರಲಿಲ್ಲವೆಂದು ನದಿ ಗಡಿಯಾಗಲಿಲ್ಲ. ಎರಡು ಕಡೆಯೂ ಗೆದ್ದದ್ದು ಹಳೆಯ ಕಂದಾಯ ನಕ್ಷೆ. ಕಾಸರಗೋಡಿನವರಿಗೆ ದೇಶ ಬದಲಾಗಲಿಲ್ಲ, ವೀಸಾ ಬೇಕಾಗಲಿಲ್ಲ ಎಂಬ ದೊಡ್ಡ ವ್ಯತ್ಯಾಸವನ್ನು ಮಾತ್ರ ಮರೆಯಬಾರದು.

ಟಾಕಿಯಲ್ಲಿಯೂ ವೀಸಾ ತಕ್ಷಣ ಬರಲಿಲ್ಲ. 1952ರ ಅಕ್ಟೋಬರ್‌ವರೆಗೆ ಭಾರತ ಮತ್ತು ಪೂರ್ವ ಪಾಕಿಸ್ತಾನದ ನಡುವೆ ಪಾಸ್‌ಪೋರ್ಟ್ ಪದ್ಧತಿ ಇರಲಿಲ್ಲ. ಅಲ್ಲಿಯ ತನಕ ದೋಣಿ ದಾಟಿ ಬಂದು ಹೋಗಬಹುದಿತ್ತು. ಬಹಳಷ್ಟು ಜನ ಬಂದರು, ಹೋಗಲಿಲ್ಲ. ಹೀಗೆ ಪೂರ್ವದಿಂದ ಬಂದ ನಿರಾಶ್ರಿತ ಕುಟುಂಬಗಳು ಸಿಯಾಲ್ದಾದ ಪ್ಲಾಟ್‌ಫಾರಂಗಳಲ್ಲಿ ತಿಂಗಳುಗಟ್ಟಲೆ ಸಂಸಾರ ಹೂಡಿದ್ದ ಚಿತ್ರಗಳನ್ನು ಹಲವರು ನೋಡಿರುತ್ತೀರಿ. ಅವರ ಪುನರ್ವಸತಿಯ ಹೊಣೆ ಬಿದ್ದದ್ದು 1948ರಿಂದ 1962ರವರೆಗೆ ಮುಖ್ಯಮಂತ್ರಿಯಾಗಿದ್ದ ಡಾ. ಬಿಧಾನ್ ಚಂದ್ರ ರಾಯ್ ಅವರ ಮೇಲೆ. ಅವರ ಪೂರ್ವಿಕರ ಊರು ಸಾತ್ಖೀರಾದ ಶ್ರೀಪುರ. ಅದೂ ದೇಬ್‌ಹಾಟಾ ಸೀಮೆಯದೇ, ಗಡಿಯ ಆಚೆಯದು. 1971ರಲ್ಲಿ ಮತ್ತೊಮ್ಮೆ ಜನ ನದಿ ದಾಟಿ ಬಂದರು. ಟಾಕಿ-ಹಾಸ್ನಾಬಾದ್ ಸುತ್ತ ಮುಕ್ತಿವಾಹಿನಿಯ ಒಂಬತ್ತನೇ ಸೆಕ್ಟರಿನ ನೆಲೆಯಿತ್ತು, ಮೇಜರ್ ಜಲೀಲ್ ಅದರ ನಾಯಕ.

ಹಾಗಾದರೆ ಇಂಥ ಊರನ್ನು ಇಂದು ಆಳುವವರು ಯಾರು? ಪುರಸಭೆ ಇದೆ, 16 ವಾರ್ಡುಗಳು. 1993ರ ಪಶ್ಚಿಮ ಬಂಗಾಳ ಪುರಸಭಾ ಕಾಯ್ದೆಯ ಪ್ರಕಾರ ಕೌನ್ಸಿಲರ್‌ಗಳು, ಚೇರ್ಮನ್. ನೀರು, ಕಸ, ದೀಪ, ನದಿ ದಂಡೆಯ ರಸ್ತೆ, ಪ್ರವಾಸಿಗರ ವಸತಿಗೃಹ, ಇವು ಅದರ ಕೆಲಸ. ದಂಡೆಯ ಒಡ್ಡು ಮಾತ್ರ ನೀರಾವರಿ ಇಲಾಖೆಯದು. 2009ರ ಮೇ 25ರ ಐಲಾ, 2020ರ ಮೇ 20ರ ಅಂಫಾನ್ ಚಂಡಮಾರುತಗಳಲ್ಲಿ ಕೆಳಗಿನ ಹಿಂಗಲ್‌ಗಂಜ್, ಸಂದೇಶ್‌ಖಾಲಿ ಕಡೆ ಒಡ್ಡು ಒಡೆದು ಉಪ್ಪುನೀರು ಗದ್ದೆಗೆ ನುಗ್ಗಿದ್ದನ್ನು ಕಂಡವರಿಗೆ ಒಡ್ಡು ಯಾರದು ಎಂಬುದು ಬರಿಯ ಕಾಗದದ ಪ್ರಶ್ನೆಯಾಗಿ ಕಾಣುವುದಿಲ್ಲ. ನದಿಯ ಮೇಲಿನ ಅಧಿಕಾರ ಗಡಿ ಭದ್ರತಾ ಪಡೆಯದು. ಯಾವ ದೋಣಿ, ಎಷ್ಟು ಹೊತ್ತಿನವರೆಗೆ, ಎಲ್ಲಿಯತನಕ ಹೋಗಬಹುದೆಂದು ಅವರು ಹೇಳುತ್ತಾರೆ. ಗಡಿಯಂಚಿನ ಕೆಲವು ಕಡೆ ಹೋಗಲು ಗುರುತಿನ ಚೀಟಿ ಕೊಟ್ಟಿಡಬೇಕು. 2021ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಬಂಗಾಳದಲ್ಲಿ ಈ ಪಡೆಯ ವ್ಯಾಪ್ತಿಯನ್ನು 15 ಕಿಲೋಮೀಟರಿನಿಂದ 50ಕ್ಕೆ ಏರಿಸಿದಾಗ ಕೋಲ್ಕತ್ತಾದ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯಾಯಿತು. ಟಾಕಿಗೆ ಅದರಿಂದ ಏನೂ ಬದಲಾಗಲಿಲ್ಲ. ಅದು ಮೊದಲಿನಿಂದಲೂ ಆ ಹದಿನೈದರ ಒಳಗೇ ಇತ್ತು. ಹಿಂದೆ ಪುರಸಭೆಯ ತೆರಿಗೆಯಲ್ಲಿ ಊರು ತನ್ನ ಕಾವಲಿಗೆ ತಾನೇ ದುಡ್ಡು ಕೊಡುತ್ತಿತ್ತೆಂದು ಹೇಳಿದೆನಲ್ಲ. ಈಗ ಕಾವಲಿನ ಖರ್ಚು ದೆಹಲಿಯದು, ಕಾವಲಿನ ಮಾತೂ ದೆಹಲಿಯದು.

ವಿಜಯದಶಮಿಯ ದಿನ ಈ ಅಧಿಕಾರಗಳೆಲ್ಲ ಒಟ್ಟಿಗೆ ನದಿಗಿಳಿಯುತ್ತವೆ. ಹಿಂದೆ ಎರಡೂ ದಡದ ದುರ್ಗೆಯರನ್ನು ಹೊತ್ತ ದೋಣಿಗಳು ನಡುನೀರಿನಲ್ಲಿ ಬೆರೆತು, ಜನ ಒಬ್ಬರಿಗೊಬ್ಬರು ಸಿಹಿ ಎಸೆದು, ಕೂಗಿ ಮಾತಾಡಿ, ಕತ್ತಲಾದ ಮೇಲೆ ತಂತಮ್ಮ ದೇಶಕ್ಕೆ ಮರಳುತ್ತಿದ್ದರು. ವರ್ಷಕ್ಕೊಮ್ಮೆ ನೆಂಟರ ಮುಖ ನೋಡುವುದಕ್ಕೆ ಅದೊಂದು ದಾರಿಯಾಗಿತ್ತು. ಆ ಗದ್ದಲದಲ್ಲಿ ಕಾಗದವಿಲ್ಲದವರು ಈಚೆ ಇಳಿದು ಹೋಗುತ್ತಾರೆಂಬ ದೂರೂ ಇತ್ತು, ಅದನ್ನು ಸುಳ್ಳೆನ್ನುವಂತಿಲ್ಲ. ಈಗ ನದಿಯ ನಡುವೆ ಎರಡೂ ದೇಶದ ಕಾವಲು ದೋಣಿಗಳು ಸಾಲಾಗಿ ನಿಲ್ಲುತ್ತವೆ. ವಿಸರ್ಜನೆ ಅವರವರ ಅರ್ಧದಲ್ಲಿ. ಪೂಜೆ ಸಮಿತಿಗಳ ಪಟ್ಟಿ, ದೋಣಿಗಳ ನೋಂದಣಿ, ವೈದ್ಯರು, ದೀಪ, ಮೈಕು ಎಲ್ಲವನ್ನೂ ನೋಡಿಕೊಳ್ಳಬೇಕಾದವರು ಊರಿನ ಆಡಳಿತದವರು. ಆಚೆ ದಡಕ್ಕೆ ನಿಜವಾಗಿ ಹೋಗಬೇಕೆನ್ನುವವರು ವೀಸಾ ಹಿಡಿದು ಬಸಿರ್‌ಹಾಟ್‌ಗೆ ವಾಪಸು ಬಂದು, ಘೋಜಾಡಾಂಗಾ ಚೆಕ್‌ಪೋಸ್ಟ್ ಮೂಲಕ ಭೋಮ್ರಾ ಸೇರಿ, ಸಾತ್ಖೀರಾ ಸುತ್ತಿ ದೇಬ್‌ಹಾಟಾಕ್ಕೆ ಬರಬೇಕು.

ಗೆರೆ ಎಳೆಯುವ ಕೆಲಸ ಇನ್ನೂ ಮುಗಿದಿಲ್ಲ. 1986ರಲ್ಲಿ ಇಪ್ಪತ್ನಾಲ್ಕು ಪರಗಣ ಉತ್ತರ, ದಕ್ಷಿಣ ಎಂದು ಎರಡಾಯಿತು. 2022ರ ಆಗಸ್ಟ್ 1ರಂದು ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಏಳು ಹೊಸ ಜಿಲ್ಲೆಗಳನ್ನು ಘೋಷಿಸಿದರು. ಅದರಲ್ಲಿ ಬನ್‌ಗಾಂವ್ ಕಡೆಯದಕ್ಕೆ ಇಛಾಮತಿ ಎಂದು ನದಿಯ ಹೆಸರು. ಬಸಿರ್‌ಹಾಟ್ ಕಡೆಯದಕ್ಕೆ ಹೆಸರನ್ನು ಆಮೇಲೆ ಇಡುವುದಾಗಿ ಹೇಳಿದರು. ಟಾಕಿ ಬೀಳುವುದು ಈ ಎರಡನೆಯದರಲ್ಲಿ.